ಮಡಕೆಯ ಚೂರಿನ ವಯಸ್ಸು

ನೆಲಮಂಗಲದಿಂದ ತುಮಕೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗಿ ದಾಬಸ್‌ಪೇಟೆಯನ್ನು ಸಮೀಪಿಸಿದರೆ ಸೋಂಪುರದ ಸೀಮೆ ಸಿಗುತ್ತದೆ. ಒಂದು ಕಡೆ ಶಿವಗಂಗೆಯ ಬೆಟ್ಟ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು. ರಾಗಿ, ಹುರುಳಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಮಣ್ಣು ತೋಡುವ ಯಂತ್ರಗಳ ಸದ್ದು. ಈ ಸೀಮೆಯ ಪರಿಚಿತರ ಮನೆಯೊಂದಕ್ಕೆ ಸಂಜೆಯ ಪ್ರಾರ್ಥನೆಗೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಆ ಮನೆಯ ಹುಡುಗ ಅಂಗೈಯಗಲದ ಮಡಕೆಯ ಚೂರೊಂದನ್ನು ತಂದು ನನ್ನ ಮುಂದಿಟ್ಟ. ಹೊಸ ಕೋಣೆಗಾಗಿ ಪಾಯ ತೆಗೆಯುವಾಗ ಸಿಕ್ಕಿದ್ದಂತೆ. ಹೊರಗೆ ಕೆಂಪು, ಒಳಗೆ ಕಪ್ಪು.

"ಇದು ಎಷ್ಟು ಹಳೆಯದು, ಸರ್?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವನ ಅಜ್ಜಿ, "ಪಾಂಡವರ ಕಾಲದ್ದು ಕಣಪ್ಪ" ಎಂದರು. ಗಾರೆ ಕೆಲಸದ ಮೇಸ್ತ್ರಿಯಾಗಿರುವ ಅವನ ಸೋದರಮಾವ ನಕ್ಕು, "ಏನಮ್ಮ ನೀವು, ಐವತ್ತು ವರ್ಷದ ಹಿಂದಿನ ಅನ್ನದ ಮಡಕೆ ಅದು" ಎಂದರು. ಧರ್ಮೋಪದೇಶದ ತರಗತಿಗೆ ತಪ್ಪದೆ ಬರುವ ಹುಡುಗ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದ: "ಯೇಸುಸ್ವಾಮಿಗಿಂತ ಹಿಂದಿನದಾ, ಮುಂದಿನದಾ?"

ನನಗೆ ಗೊತ್ತಿಲ್ಲವೆಂದೆ. ಅವನಿಗೆ ನಿರಾಸೆಯಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಸಂಗತಿ ಮನಸ್ಸಿಗೆ ಬಂತು. ಆ ಮೂವರೂ ತಮ್ಮ ತಮ್ಮ ಬಳಿ ಇದ್ದ ಅಳತೆಗೋಲಿನಿಂದಲೇ ಆ ಚೂರನ್ನು ಅಳೆದಿದ್ದರು. ಅಜ್ಜಿಗೆ ಪುರಾಣ, ಮೇಸ್ತ್ರಿಗೆ ತನ್ನ ಬಾಲ್ಯದ ನೆನಪು, ಹುಡುಗನಿಗೆ ಶುಭಸಂದೇಶ. ಇದು ಅವರೊಬ್ಬರ ದೋಷವಲ್ಲ. ಭೂಮಿಯನ್ನು ಅಗೆದು ಪ್ರಾಚೀನ ನಾಗರಿಕತೆಗಳ ವಯಸ್ಸನ್ನು ನಿರ್ಣಯಿಸಲು ಹೊರಟ ಮಹಾವಿದ್ವಾಂಸರೂ ಒಂದು ಕಾಲದಲ್ಲಿ ಹೀಗೆಯೇ ತಮ್ಮ ಕೈಯಲ್ಲಿದ್ದ ಕೋಲಿನಿಂದ ಅಳೆದರು. ನೂರಾರು ಅಲ್ಲ, ಸಾವಿರಾರು ವರ್ಷಗಳಷ್ಟು ತಪ್ಪಿದರು. ಆ ತಪ್ಪುಗಳ ಒಂದು ದೊಡ್ಡ ಅಧ್ಯಾಯ ನಮ್ಮ ಕರ್ನಾಟಕದ ಮಣ್ಣಿನಲ್ಲಿಯೇ ಬರೆಯಲ್ಪಟ್ಟಿತು.

ಇನ್ನೂರು ವರ್ಷದ ಇಟ್ಟಿಗೆ

ಮೊದಲು ಎಲ್ಲರೂ ಶಾಲೆಯಲ್ಲಿ ಓದಿರುವ ಸಿಂಧೂ ಕಣಿವೆಯ ಕಡೆಗೆ ನೋಡೋಣ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮೊದಲ ಮುಖ್ಯಸ್ಥರಾದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅವರು ಹರಪ್ಪಕ್ಕೆ ಹಲವು ಬಾರಿ ಭೇಟಿಯಿತ್ತವರು. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕಂಡ ಬೌದ್ಧ ಕ್ಷೇತ್ರಗಳನ್ನು ಗುರುತಿಸುವುದೇ ಅವರ ಮುಖ್ಯ ಆಸಕ್ತಿಯಾಗಿತ್ತು. ಅಲ್ಲಿನ ದಿಬ್ಬಗಳ ಸುಟ್ಟ ಇಟ್ಟಿಗೆಗಳನ್ನು ಲಾಹೋರ್–ಮುಲ್ತಾನ್ ರೈಲುದಾರಿಗೆ ಹಾಸಲು ಆಗಲೇ ಸಾಗಿಸಲಾಗಿತ್ತು. ಹರಪ್ಪದ ಒಂದು ಮುದ್ರೆಯೂ ಅವರಿಗೆ ದೊರೆಯಿತು. ಅದರ ಮೇಲೆ ಹಿಣಿಲಿಲ್ಲದ ಎತ್ತು, ಯಾರೂ ಓದಲಾರದ ಅಕ್ಷರಗಳು. ಅಕ್ಷರ ನಮ್ಮದಲ್ಲ, ಎತ್ತೂ ನಮ್ಮದಲ್ಲ. ಆದ್ದರಿಂದ ಮುದ್ರೆ ಪರದೇಶದ್ದು ಎಂದು ತೀರ್ಮಾನಿಸಿ 1875ರಲ್ಲಿ ಪ್ರಕಟಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನಾಗರಿಕತೆಯೊಂದು ಅವರ ಅಂಗೈಯಲ್ಲಿ ಕುಳಿತಿತ್ತು!

ಇದಕ್ಕಿಂತ ಸೋಜಿಗದ ಪ್ರಸಂಗ ಮೊಹೆಂಜೊದಾರೊದ್ದು. 1911–12ರಲ್ಲಿ ಆ ದಿಬ್ಬಗಳನ್ನು ಪರಿಶೀಲಿಸಿದವರು ಡಿ.ಆರ್. ಭಂಡಾರ್ಕರ್, ಶಾಸನಶಾಸ್ತ್ರದಲ್ಲಿ ದೊಡ್ಡ ಹೆಸರು. ಇಲ್ಲಿ ಯಾವ ಪ್ರಾಚೀನ ಕಟ್ಟಡದ ಅವಶೇಷವೂ ಇಲ್ಲ, ಇದು ಕೇವಲ ಇನ್ನೂರು ವರ್ಷಗಳ ಹಿಂದಿನ ಊರು, ಇಟ್ಟಿಗೆಗಳು ಈಚಿನ ಮಾದರಿಯವು ಎಂದು ಅವರು ವರದಿ ಮಾಡಿದರು. ಅಚ್ಚುಕಟ್ಟಾದ, ಚೆನ್ನಾಗಿ ಬೆಂದ ಇಟ್ಟಿಗೆ ಹಳೆಯದಾಗಿರಲಾರದು ಎಂಬುದು ಆ ತೀರ್ಪಿನ ತಿರುಳು. ಹತ್ತೇ ವರ್ಷಗಳಲ್ಲಿ ರಾಖಾಲದಾಸ ಬ್ಯಾನರ್ಜಿಯವರು ಅಲ್ಲಿ, ದಯಾರಾಮ್ ಸಾಹನಿಯವರು ಹರಪ್ಪದಲ್ಲಿ ಅಗೆದರು. ಎರಡೂ ಕಡೆಯ ಮುದ್ರೆಗಳು ಒಂದೇ ತೆರನವೆಂದು ತಿಳಿದ ಜಾನ್ ಮಾರ್ಷಲ್ 1924ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದರಲ್ಲಿ ಈ ವಾರ್ತೆಯನ್ನು ಜಗತ್ತಿಗೆ ಸಾರಿದರು. ಅದನ್ನೋದಿದ ಮೆಸೊಪೊಟೇಮಿಯಾದ ತಜ್ಞರು ಇಂಥವೇ ಮುದ್ರೆಗಳು ತಮ್ಮ ಕಡೆಯೂ ಸಿಕ್ಕಿವೆಯೆಂದು ಬರೆದ ಮೇಲೆಯೇ ಸಿಂಧೂ ನಗರಗಳ ನಿಜವಾದ ವಯಸ್ಸಿನ ಸುಳಿವು ದೊರೆಯಿತು. ಆ ನಗರಗಳ ಏಳಿಗೆಯ ಕಾಲವನ್ನು ಇಂದು ಸುಮಾರು ಕ್ರಿ.ಪೂ. 2600ರಿಂದ 1900ರವರೆಗೆ ಎಂದು ಗುರುತಿಸುತ್ತಾರೆ. ಇನ್ನೂರು ವರ್ಷವೆಂದದ್ದು ನಾಲ್ಕು ಸಾವಿರವನ್ನು ದಾಟಿತು.

ಸುರಪುರದ ಕಲ್ಲುಗೋರಿಗಳು

ಇನ್ನು ನಮ್ಮ ನಾಡಿಗೆ ಬರೋಣ. ಬಯಲುಸೀಮೆಯ ಗುಡ್ಡಗಳ ಮೇಲೆ ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಮನೆಯಂಥ ರಚನೆಗಳನ್ನು ಹಲವರು ಕಂಡಿರಬಹುದು. ಜನ ಇವನ್ನು ಪಾಂಡವರ ಗುಡಿ, ಪಾಂಡವರ ಮನೆ ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇವು ನೂರಾರು. ಅಲ್ಲಿನ ಜನ ಇವನ್ನು ಕುಳ್ಳರಾದ ಮೋರಿಯರು ಕಟ್ಟಿದ ಮನೆಗಳೆನ್ನುತ್ತಾರೆ. ಕೆಲವೆಡೆ ಚಪ್ಪಡಿಯ ಮನೆಯ ಬದಲು ನೆಲದ ಮೇಲೆ ವೃತ್ತಾಕಾರವಾಗಿ ಇಟ್ಟ ಗುಂಡುಗಳು ಮಾತ್ರ ಕಾಣುತ್ತವೆ. ಗೋರಿ ಅವುಗಳ ಅಡಿಯಲ್ಲಿರುತ್ತದೆ. ವಿದ್ವಾಂಸರು ಇವೆಲ್ಲವನ್ನೂ ಬೃಹತ್ ಶಿಲಾಸಮಾಧಿಗಳೆಂದು ಕರೆಯುತ್ತಾರೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇಂಥ ಗೋರಿಗಳನ್ನು ಅಗೆಸಿದರು. ಪದರ ಪದರವಾಗಿ ಕಂಡದ್ದನ್ನು ಚಿತ್ರ ಬರೆದಿಟ್ಟ ಅವರ ಶಿಸ್ತನ್ನು ಮುಂದಿನವರು ಮನಸಾರೆ ಮೆಚ್ಚಿದ್ದಾರೆ. ಆದರೆ ಕಟ್ಟಿದವರು ಯಾರೆಂಬ ಪ್ರಶ್ನೆ ಬಂದಾಗ ಅವರ ಮನಸ್ಸು ಓಡಿದ್ದು ತಮ್ಮ ತಾಯ್ನಾಡಿನ ಕಡೆಗೆ. ಐರ್ಲೆಂಡ್, ಬ್ರಿಟನ್‌ಗಳಲ್ಲಿಯೂ ಇಂಥ ಕಲ್ಲುಗೋರಿಗಳಿವೆ. ಆದ್ದರಿಂದ ಸುರಪುರದವೂ ಕೆಲ್ಟರವು, ಅವರ ಡ್ರೂಯಿಡ್ ಪುರೋಹಿತರವು, ಇಲ್ಲವೆ ಸಿಥಿಯನ್ನರವು ಎಂದು ಅವರು ಬರೆದರು. ನಮ್ಮ ಬೆಂಗಳೂರಿನ ಸಮೀಪದ ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಲ್ಲುಗೋರಿಗಳನ್ನು ಕುರಿತು ಬ್ರಾನ್‌ಫಿಲ್ ಎಂಬ ಸೇನಾಧಿಕಾರಿ 1881ರಲ್ಲಿ ಲೇಖನ ಪ್ರಕಟಿಸಿದರು. ಗೋರಿಗಳ ವರ್ಣನೆ ಬೆಳೆಯುತ್ತಲೇ ಹೋಯಿತು. ಅವುಗಳ ವಯಸ್ಸು ಮಾತ್ರ ಊಹೆಯಾಗಿಯೇ ಉಳಿಯಿತು.

ಆ ಕಾಲದ ಪಾಶ್ಚಾತ್ಯ ವಿದ್ವಾಂಸರ ಮನಸ್ಸಿನ ಹಿಂದೆ ಇನ್ನೊಂದು ಗೋಡೆಯೂ ಇತ್ತು. ಐರ್ಲೆಂಡಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್ ಪವಿತ್ರ ಗ್ರಂಥದ ವಂಶಾವಳಿಗಳನ್ನು ಕೂಡಿ ಕಳೆದು, ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು 1650ರಲ್ಲಿ ಪ್ರಕಟಿಸಿದ್ದರು. ಹದಿನೆಂಟನೆಯ ಶತಮಾನದ ಆರಂಭದಿಂದ ಇಂಗ್ಲಿಷ್ ಬೈಬಲಿನ ಅಂಚುಗಳಲ್ಲಿ ಆ ಇಸವಿಗಳು ಅಚ್ಚಾಗತೊಡಗಿದವು. ಅಂಚಿನಲ್ಲಿದ್ದುದನ್ನು ಜನ ಗ್ರಂಥದ ಮಾತೆಂದೇ ನಂಬಿದರು. ಇಡೀ ಮನುಕುಲದ ಕಥೆಯನ್ನು ಆರು ಸಾವಿರ ವರ್ಷಗಳೊಳಗೆ ಮಡಚಿ ಇಡಬೇಕಾದಾಗ ದಕ್ಷಿಣ ಭಾರತದ ಕಲ್ಲಿನ ಕೊಡಲಿಗೆ ಎಷ್ಟು ಜಾಗ ಉಳಿದೀತು? 1859ರ ಸುಮಾರಿಗೆ ಯೂರೋಪಿನ ಭೂವಿಜ್ಞಾನಿಗಳು ಈ ಗೋಡೆಯನ್ನು ದಾಟಿದರು. ಅಳಿದುಹೋದ ಪ್ರಾಣಿಗಳ ಎಲುಬಿನೊಡನೆ ಮನುಷ್ಯನ ಕಲ್ಲಿನ ಆಯುಧಗಳೂ ಒಂದೇ ಪದರದಲ್ಲಿವೆಯೆಂದು ಒಪ್ಪಿದರು. ಅದಾದ ನಾಲ್ಕೇ ವರ್ಷಕ್ಕೆ, 1863ರ ಮೇ 30ರಂದು, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿದರು.

ರಕ್ಕಸನ ಬೂದಿ

ಇದೇ ಫೂಟ್ ಮುಂದೆ ಬಳ್ಳಾರಿ ಸೀಮೆಯಲ್ಲಿ ಒಂದು ಒಗಟಿಗೆ ಉತ್ತರ ಕಂಡರು. ಅಲ್ಲಿ ಕುಪ್ಪಗಲ್ಲು ಮೊದಲಾದೆಡೆ ಬೂದಿಯ ದೊಡ್ಡ ದಿಬ್ಬಗಳಿವೆ. ಭೀಮನು ಕೊಂದ ರಕ್ಕಸನನ್ನು ಸುಟ್ಟ ಬೂದಿ ಅದು ಎಂಬುದು ಜನರ ಕಥೆ. ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಹೇಳಿದರು. ಜ್ವಾಲಾಮುಖಿಯ ಕಿಟ್ಟವೆ, ಕಬ್ಬಿಣ ಕರಗಿಸಿದ ಕುಲುಮೆಯ ಉಳಿಕೆಯೆ, ಮಧ್ಯಯುಗದ ಸಾಮೂಹಿಕ ದಹನದ ಗುರುತೆ ಎಂಬ ಚರ್ಚೆ ದಶಕಗಟ್ಟಲೆ ನಡೆಯಿತು. ಮಧ್ಯಯುಗವೆಂದರೆ ಆ ಬೂದಿಯ ವಯಸ್ಸು ಕೆಲವೇ ನೂರು ವರ್ಷ. ಫೂಟ್ ಮಾತ್ರ, ಇದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ ಎಂದರು. ಅವರ ಮಾತಿಗೆ ಒಪ್ಪಿಗೆ ದೊರೆಯಲು ಬಹಳ ಕಾಲ ಹಿಡಿಯಿತು.

ಕೃಷ್ಣಾ ಬಯಲಿನ ಉಟ್ನೂರಿನಲ್ಲಿ (ಇಂದು ತೆಲಂಗಾಣದಲ್ಲಿದೆ) ಎಫ್.ಆರ್. ಆಲ್ಚಿನ್ 1957ರಲ್ಲಿ ಇಂಥ ದಿಬ್ಬವೊಂದನ್ನು ಅಗೆದರು. ದನದ ದೊಡ್ಡಿಯ ಸುತ್ತ ನೆಟ್ಟಿದ್ದ ಕಂಬಗಳ ಗುಳಿಗಳು ಸಾಲಾಗಿ ಕಂಡವು. ಒಂದು ಪದರದಲ್ಲಿ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು. ಬೂದಿಯ ಮೇಲೆ ನಡೆದ ಎತ್ತಿನ ಹೆಜ್ಜೆ ಸಾವಿರಾರು ವರ್ಷ ಅಳಿಯದೆ ಉಳಿದು, ಜ್ವಾಲಾಮುಖಿಯ ಮತ್ತು ಕುಲುಮೆಯ ವಾದಗಳನ್ನೆಲ್ಲ ಮುಗಿಸಿತು. ಆದರೆ ಆ ಎತ್ತು ನಡೆದದ್ದು ಯಾವಾಗ? ಆ ಹೊತ್ತಿಗೆ ಈ ಪ್ರಶ್ನೆಗೆ ಎಲ್ಲರೂ ನಂಬಿದ್ದ ಉತ್ತರ ಚಿತ್ರದುರ್ಗ ಜಿಲ್ಲೆಯ ಒಂದು ಬೆಟ್ಟದ ಬುಡದಿಂದ ಬಂದಿತ್ತು.

ಬ್ರಹ್ಮಗಿರಿಯ ಲೆಕ್ಕ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಕೇಳಿದೊಡನೆ ಅಶೋಕನ ಶಾಸನ ನೆನಪಾಗುತ್ತದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಆ ಶಾಸನದಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಅಲ್ಲಿ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರು ಮೊದಲು ಉತ್ಖನನ ನಡೆಸಿದ್ದರು. 1947ರಲ್ಲಿ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಅಲ್ಲಿಗೆ ಬಂದರು. ಪದರಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದು ವಸ್ತುವೂ ಎಲ್ಲಿ ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಡುವ ಕಟ್ಟುನಿಟ್ಟಿನ ಕ್ರಮವನ್ನು ಭಾರತೀಯ ವಿದ್ಯಾರ್ಥಿಗಳಿಗೆ ಕಲಿಸಿದವರು ಅವರು.

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಸರಳ ನಿಯಮವೇ ಈ ಕ್ರಮದ ತಳಹದಿ. ನಮ್ಮ ಓದುಗರಿಗೆ ಒಂದು ವಿಷಯ ಸಂತೋಷ ಕೊಡಬಹುದು. 1669ರಲ್ಲಿ ಈ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟವರು ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೊ. ಅವರು ಮುಂದೆ ಕಥೋಲಿಕ ಗುರುಗಳಾಗಿ, ಧರ್ಮಾಧ್ಯಕ್ಷರೂ ಆದರು. 1988ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಪುನೀತರೆಂದು ಘೋಷಿಸಿದರು.

ಬ್ರಹ್ಮಗಿರಿಯಲ್ಲಿ ವೀಲರ್ ಮೂರು ಸಂಸ್ಕೃತಿಗಳನ್ನು ಕಂಡರು. ಎಲ್ಲಕ್ಕಿಂತ ಕೆಳಗೆ ಕಲ್ಲಿನ ಕೊಡಲಿಯ ಜನ. ನಡುವೆ ಕಬ್ಬಿಣ ಬಳಸಿ ಬೃಹತ್ ಶಿಲಾಸಮಾಧಿ ಕಟ್ಟಿದವರು. ಮೇಲೆ ಶಾತವಾಹನರ ಕಾಲದವರು. ಈ ಅನುಕ್ರಮ ಇಂದಿಗೂ ಸರಿಯೆಂದೇ ನಿಂತಿದೆ. ತೊಡಕು ಬಂದದ್ದು ಇಸವಿಗಳನ್ನು ಕೊಡುವಾಗ. ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಪದರ ಹೇಳುತ್ತದೆ; ಎಷ್ಟು ವರ್ಷ ಎಂಬುದನ್ನು ಅದು ಹೇಳುವುದಿಲ್ಲ.

ಅದಕ್ಕೆ ವೀಲರ್ ರೋಮಿನ ಗಡಿಯಾರವನ್ನು ಬಳಸಿದರು. 1945ರಲ್ಲಿ ಅವರು ಪಾಂಡಿಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯಿಂದ ಬಂದ ಕೆಂಪು ಪಾತ್ರೆಗಳು ಸಿಕ್ಕಿದ್ದವು. ಅವುಗಳ ಕಾಲ ಯೂರೋಪಿನಲ್ಲಿ ಖಚಿತವಾಗಿ ಗೊತ್ತಿತ್ತು. ಅವುಗಳ ಜೊತೆಗೇ ಇನ್ನೊಂದು ಬಗೆಯ ತಟ್ಟೆಗಳೂ ದೊರೆತವು. ಅವುಗಳ ಒಳತಳದಲ್ಲಿ ಸಣ್ಣ ಹಲ್ಲುಗಾಲಿ ಉರುಳಿಸಿದಂತೆ ಚುಕ್ಕೆಗಳ ಸಾಲಿತ್ತು. ಅದೇ ಬಗೆಯ ತಟ್ಟೆಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಕಾಣಿಸಿದವು. ಚಂದ್ರವಳ್ಳಿಯಲ್ಲಿ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೂ ದೊರೆಯಿತು. ತೆರಿಗೆಯ ಪ್ರಶ್ನೆ ಎದ್ದಾಗ ಪ್ರಭು ಯೇಸು ತರಿಸಿ ತೋರಿಸಿದ ನಾಣ್ಯ ಈ ತಿಬೇರಿಯಸನದೇ ಇರಬೇಕೆಂದು ಬಹುಮಂದಿ ವಿದ್ವಾಂಸರು ನಂಬುತ್ತಾರೆ. ಪ್ರಭುವಿನ ಕಾಲದ ಚಕ್ರವರ್ತಿಯ ಮುಖ ನಮ್ಮ ಚಿತ್ರದುರ್ಗದ ಮಣ್ಣಿನಲ್ಲಿತ್ತೆಂಬುದು ಎಂಥ ವಿಸ್ಮಯ!

ಹೀಗೆ ಮೇಲಿನ ಪದರಕ್ಕೆ ಕ್ರಿ.ಶ. ಒಂದನೆಯ ಶತಮಾನದ ನಡುಭಾಗವೆಂಬ ಗೂಟ ಬಡಿದದ್ದಾಯಿತು. ವೀಲರ್ ಅಲ್ಲಿಂದ ಕೆಳಕ್ಕೆ ಎಣಿಸಿದರು. ಬೃಹತ್ ಶಿಲಾಸಮಾಧಿಗಳಿಗೆ ಕ್ರಿ.ಪೂ. ಎರಡನೆಯ ಶತಮಾನದ ಆರಂಭದಿಂದ ಎಂದರು. ಅದಕ್ಕೂ ಕೆಳಗಿನ ಕಲ್ಲಿನ ಕೊಡಲಿಯವರಿಗೆ ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭವೆಂದರು. ಇದರ ಅರ್ಥವನ್ನು ಯೋಚಿಸಿ ನೋಡಿ. ಅಶೋಕನ ಅಧಿಕಾರಿಗಳು ಬಂಡೆಯ ಮೇಲೆ ಧರ್ಮಶಾಸನ ಕೆತ್ತಿಸುತ್ತಿದ್ದಾಗ ಆ ಬೆಟ್ಟದ ಬುಡದ ಜನ ಇನ್ನೂ ಕಬ್ಬಿಣವನ್ನರಿಯದೆ ಕಲ್ಲಿನ ಕೊಡಲಿ ಹಿಡಿದಿದ್ದರು ಎಂದಂತಾಯಿತು. ಉತ್ತರದಲ್ಲಿ ಸಾಮ್ರಾಜ್ಯಗಳು, ದಕ್ಷಿಣದಲ್ಲಿ ಶಿಲಾಯುಗ! ದಕ್ಷಿಣದ ನಾಗರಿಕತೆಯೆಲ್ಲ ಹೊರಗಿನಿಂದ, ತಡವಾಗಿ ಬಂದ ವಸ್ತುವೆಂಬ ಚಿತ್ರ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತು.

ಇದ್ದಿಲು ಹೇಳಿದ ಸತ್ಯ

ವೀಲರ್ ಲೆಕ್ಕ ಹಾಕಿದ ಎರಡೇ ವರ್ಷದಲ್ಲಿ, 1949ರಲ್ಲಿ, ಅಮೆರಿಕದ ವಿಲ್ಲಾರ್ಡ್ ಲಿಬ್ಬಿ ಮತ್ತು ಸಂಗಡಿಗರು ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಮರ, ಕಾಳು, ದನ, ಮನುಷ್ಯ ಎಲ್ಲವೂ ಬದುಕಿರುವಾಗ ಗಾಳಿಯಿಂದಲೋ ಆಹಾರದಿಂದಲೋ ಇಂಗಾಲವನ್ನು ಪಡೆಯುತ್ತವೆ. ಅದರಲ್ಲಿ ಅತ್ಯಲ್ಪ ಭಾಗ ವಿಕಿರಣಶೀಲ ಇಂಗಾಲ-14. ಜೀವ ಹೋದ ಮೇಲೆ ಹೊಸದಾಗಿ ಬರುವುದು ನಿಲ್ಲುತ್ತದೆ. ಇದ್ದದ್ದು ನಿಯತವಾಗಿ ಕರಗುತ್ತದೆ. ಸುಮಾರು 5,730 ವರ್ಷಗಳಲ್ಲಿ ಅರ್ಧ ಉಳಿಯುತ್ತದೆ. ಇನ್ನೊಂದು ಅಷ್ಟೇ ಅವಧಿಯಲ್ಲಿ ಅದರರ್ಧ. ಹಳೆಯ ಒಲೆಯ ಒಂದು ಚೂರು ಇದ್ದಿಲಿನಲ್ಲಿ ಉಳಿದಿರುವುದನ್ನು ಅಳೆದರೆ ಆ ಮರ ಜೀವ ಬಿಟ್ಟ ಕಾಲ ತಿಳಿಯುತ್ತದೆ. ಈ ಶೋಧಕ್ಕೆ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಕಾಲಕಾಲಕ್ಕೆ ತುಸು ಬದಲಾಗುತ್ತದೆಂದು ಆಮೇಲೆ ತಿಳಿದು, ಮರದ ವಾರ್ಷಿಕ ಬಳೆಗಳೊಡನೆ ಹೋಲಿಸಿ ಈ ಲೆಕ್ಕವನ್ನೂ ತಿದ್ದಿಕೊಂಡರು.

ರೋಮನ್ನಾಗಲಿ ರಾಜರನ್ನಾಗಲಿ ಕೇಳದ ಗಡಿಯಾರ ಇದು. ಉಟ್ನೂರಿನ ಇದ್ದಿಲು ಕ್ರಿ.ಪೂ. ಮೂರನೆಯ ಸಹಸ್ರಮಾನವನ್ನು ತೋರಿಸಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ 1960ರ ದಶಕದಿಂದ ಕರ್ನಾಟಕದ ಮಾದರಿಗಳ ಪರೀಕ್ಷೆ ನಡೆಯಿತು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ, 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನಗಳು ಕಣ್ಣು ತೆರೆಸಿದವು. ಹಳ್ಳೂರಿನಲ್ಲಿ ಕಬ್ಬಿಣ ಮೊದಲು ಕಾಣಿಸಿದ ಪದರದ ಕಾಲ ಸುಮಾರು ಕ್ರಿ.ಪೂ. 1000ಕ್ಕೆ ಹೋಯಿತು. ಅಂದರೆ ಮೌರ್ಯರು ಬರುವುದಕ್ಕೆ ಏಳು ಶತಮಾನ ಮೊದಲೇ ನಮ್ಮ ಹಾವೇರಿ ಸೀಮೆಯಲ್ಲಿ ಕಬ್ಬಿಣದ ಬಾಣದ ಮೊನೆಗಳಿದ್ದವು.

ಇಂದು ದಕ್ಷಿಣದ ನವಶಿಲಾಯುಗದ ಆರಂಭವನ್ನು ಸುಮಾರು ಕ್ರಿ.ಪೂ. 3000ದ ಆಸುಪಾಸಿಗೆ ಇಡುತ್ತಾರೆ. ವೀಲರ್ ಕೊಟ್ಟದ್ದಕ್ಕಿಂತ ಇದು ಎರಡು ಸಾವಿರ ವರ್ಷ ಹಿಂದೆ. ಕಲ್ಲುಗೋರಿಗಳ ಕಾಲವೂ ಸಾವಿರ ವರ್ಷದಷ್ಟು ಹಿಂದೆ ಸರಿದಿದೆ. ಅವರು ನಂಬಿದ್ದ ಚುಕ್ಕೆಸಾಲಿನ ತಟ್ಟೆಯೂ ರೋಮಿನದಲ್ಲ, ರೋಮಿನ ವ್ಯಾಪಾರಕ್ಕಿಂತ ಮೊದಲೇ ನಮ್ಮ ಕುಂಬಾರರ ಕೈಯಲ್ಲಿ ಹುಟ್ಟಿದ್ದು ಎಂದು ಮುಂದಿನ ಸಂಶೋಧನೆ ತೋರಿಸಿತು. ಗಡಿಯಾರವೇ ತಪ್ಪು ಗಂಟೆ ಹೊಡೆಯುತ್ತಿತ್ತು.

ಬರಿಯ ಇಸವಿ ಬದಲಾಗಲಿಲ್ಲ. ಜನರ ಚಿತ್ರವೇ ಬದಲಾಯಿತು. ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನೆಲೆಗಳಲ್ಲಿ ಸುಟ್ಟು ಉಳಿದ ಕಾಳುಗಳನ್ನು ನೀರಿನಲ್ಲಿ ತೇಲಿಸಿ ಬೇರ್ಪಡಿಸಿದಾಗ ಹುರುಳಿ, ಹೆಸರು, ಕೊರಲೆಗಳು ಕಂಡವು. ಇವು ಹೊರಗಿನಿಂದ ಬಂದ ಬೆಳೆಗಳಲ್ಲ, ಇಲ್ಲಿನವರೇ ಪಳಗಿಸಿದವು. ಇಂದಿಗೂ ತುಮಕೂರು, ಚಿತ್ರದುರ್ಗಗಳ ಹೊಲದಲ್ಲಿ ಕೊರಲೆ ಬೆಳೆಯುತ್ತದೆ. ನಮ್ಮ ಮನೆಗಳಲ್ಲಿ ಹುರುಳಿಯ ಸಾರು ಕುದಿಯುತ್ತದೆ. ತಡವಾಗಿ ಎಚ್ಚರಗೊಂಡವರೆಂದು ಬರೆಯಲ್ಪಟ್ಟವರು ಸಿಂಧೂ ನಗರಗಳ ಸಮಕಾಲೀನರಾದ ರೈತರೂ ದನಗಾಹಿಗಳೂ ಆಗಿದ್ದರು. ಮೆಡೋಸ್ ಟೇಲರ್ ಕೆಲ್ಟರನ್ನು ಹುಡುಕಿದ ಸುರಪುರದ ಸೀಮೆಯಲ್ಲಿಯೇ, ಈಸಾಂಪುರದಲ್ಲಿ, ಪ್ರೊ. ಕೆ. ಪದ್ದಯ್ಯ ಅವರು ಹಳೆಯ ಶಿಲಾಯುಗದ ಆಯುಧಶಾಲೆಯೊಂದನ್ನು ಅಗೆದರು. ಅದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷವೆಂದು ಅಂದಾಜಿಸಲಾಗಿದೆ.

ತಪ್ಪಿನಿಂದ ಕಲಿಯುವುದು

ಇಷ್ಟು ತಿಳಿದ ಮೇಲೆ ಆ ಹಳಬರನ್ನು ಹೀಗಳೆಯುವುದು ಸುಲಭ. ಆದರೆ ಅವರ ತಪ್ಪು ಬಂದದ್ದು ಸೋಮಾರಿತನದಿಂದಲ್ಲ. ಕನ್ನಿಂಗ್‌ಹ್ಯಾಮ್, ಭಂಡಾರ್ಕರ್, ವೀಲರ್ ಎಲ್ಲರೂ ದುಡಿದವರು, ಬಲ್ಲವರು. ತಾವು ಬಲ್ಲುದರ ಹೊರಗೆ ಏನೂ ಇರಲಾರದೆಂಬ ಒಂದು ಸಣ್ಣ ನಂಬಿಕೆ ಅವರನ್ನು ಎಡವಿಸಿತು. ಓದಲಾಗದ ಲಿಪಿ ಪರದೇಶದ್ದಾಯಿತು, ಒಳ್ಳೆಯ ಇಟ್ಟಿಗೆ ಹೊಸದಾಯಿತು, ದಕ್ಷಿಣದ ಕಬ್ಬಿಣ ತಡವಾಯಿತು.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಅವರು ತಪ್ಪಿದರೆಂದು ನಮಗೆ ತಿಳಿದದ್ದೇ ಅವರು ಬರೆದಿಟ್ಟ ಲೆಕ್ಕದಿಂದ. ಟೇಲರರ ಚಿತ್ರಗಳು, ವೀಲರರ ಪದರಗಳ ನಕ್ಷೆ ಇಂದಿಗೂ ಉಪಯುಕ್ತ. ತೀರ್ಪು ತಪ್ಪಾದರೂ ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ಕಾಪಾಡಿದ್ದರಿಂದ ಮುಂದಿನವರು ಅದನ್ನು ತಿದ್ದಬಹುದಾಯಿತು. ಸಾಕ್ಷ್ಯವೇ ನಾಶವಾದ ಕಡೆ ಯಾವ ತಪ್ಪನ್ನೂ ತಿದ್ದಲಾಗದು. ರೈಲುದಾರಿಯ ಕೆಳಗೆ ಸೇರಿದ ಹರಪ್ಪದ ಇಟ್ಟಿಗೆಗಳನ್ನು ಇನ್ನು ಯಾರು ಓದಬಲ್ಲರು?

ವಿಶ್ವಾಸಿಗಳಾದ ನಮಗೂ ಇಲ್ಲಿ ಪಾಠವಿದೆ. ಅಷರ್ ಅವರಿಗಿಂತ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಸಂತ ಅಗಸ್ಟೀನರು ಆದಿಕಾಂಡದ ವ್ಯಾಖ್ಯಾನದಲ್ಲಿ ಎಚ್ಚರಿಸಿದ್ದರು. ಭೂಮಿ ಆಕಾಶಗಳ ಬಗ್ಗೆ ತಿಳಿಯದೆ, ಗ್ರಂಥದ ಹೆಸರಿನಲ್ಲಿ ತಪ್ಪು ಮಾತನಾಡಿದರೆ, ತಿಳಿದವರು ನಕ್ಕು ಪುನರುತ್ಥಾನದ ಬಗ್ಗೆ ನಾವು ಹೇಳುವುದನ್ನೂ ನಂಬಲಾರರು ಎಂಬುದು ಅವರ ಕಾಳಜಿ. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ, ಪವಿತ್ರ ಗ್ರಂಥದ ಲೇಖಕರು ಯಾವ ಸಾಹಿತ್ಯ ಪ್ರಕಾರದಲ್ಲಿ ಬರೆದರೆಂಬುದನ್ನು ಗಮನಿಸಿ ಓದಬೇಕೆಂದಿತು. ನಮ್ಮ ರಕ್ಷಣೆಗಾಗಿ ಕೊಡಲ್ಪಟ್ಟ ಗ್ರಂಥವನ್ನು ಪಂಚಾಂಗವಾಗಿ ಬಳಸಿದ್ದು ಗ್ರಂಥದ ದೋಷವಲ್ಲ.

ಆದರೆ ಅಳತೆಗೋಲು ಇನ್ನೊಂದು ಕಡೆಗೂ ವಾಲಬಹುದು. ಅಂದು ಎಲ್ಲವನ್ನೂ ಹೊಸದೆನ್ನುವ ಅವಸರವಿತ್ತು. ಇಂದು ನಮ್ಮೂರಿನದೇ ಎಲ್ಲರಿಗಿಂತ ಹಳೆಯದೆನ್ನುವ ಅವಸರ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿದ ವರದಿಯಲ್ಲಿ, ಶಿವಗಳೈ ಎಂಬಲ್ಲಿನ ಕಬ್ಬಿಣದ ಕಾಲ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದವರೆಗೆ ಹೋಗುತ್ತದೆಂದು ಹೇಳಲಾಗಿದೆ. ಇದು ದೃಢಪಟ್ಟರೆ ಇನ್ನೊಂದು ದೊಡ್ಡ ತಿದ್ದುಪಡಿ ಆದೀತು. ಇತರ ನೆಲೆಗಳ ಸಾಕ್ಷ್ಯವೂ ಕೂಡಿಬರಲಿ ಎಂದು ಕಾಯುವ ವಿದ್ವಾಂಸರನ್ನು ನಾಡಿನ ವಿರೋಧಿಗಳೆಂದು ತಿಳಿಯಬಾರದು. ಪೂರ್ವಿಕರು ಐದು ಸಾವಿರ ವರ್ಷ ಹಳಬರಾದರೂ ಮೂರು ಸಾವಿರ ವರ್ಷ ಹಳಬರಾದರೂ ಅವರ ಬೆವರಿನ ಬೆಲೆ ಒಂದೇ.

ಮತ್ತೆ ಸೋಂಪುರಕ್ಕೆ

ಮುಂದಿನ ತಿಂಗಳು ಅದೇ ಮನೆಗೆ ಹೋದಾಗ ಹುಡುಗನಿಗೆ ನನಗೆ ತಿಳಿದಷ್ಟನ್ನು ಹೇಳಿದೆ. ನಮ್ಮ ಜಿಲ್ಲೆಯದೇ ಆದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಬೃಹತ್ ಶಿಲಾಸಮಾಧಿಗಳನ್ನು ಅಗೆದರು. ಕಪ್ಪು-ಕೆಂಪು ಮಡಕೆಗಳು ಆ ಕಾಲದ ಜನರ ಮುಖ್ಯ ಗುರುತು. ಆದರೆ ಅಂಥ ಮಡಕೆಗಳನ್ನು ಬಹು ದೀರ್ಘಕಾಲ ಮಾಡುತ್ತಿದ್ದರು. ಬಣ್ಣ ನೋಡಿ ಮಾತ್ರವೇ ವಯಸ್ಸು ಹೇಳಲಾಗದು. ಎಷ್ಟು ಆಳದಲ್ಲಿ ಸಿಕ್ಕಿತು, ಜೊತೆಯಲ್ಲಿ ಏನಿತ್ತು ಎಂಬುದು ತಿಳಿಯಬೇಕು.

"ಪಾಯದ ಮಣ್ಣೆಲ್ಲ ಹೊತ್ತು ಹಾಕಿಬಿಟ್ಟೆವಲ್ಲ" ಎಂದು ಮೇಸ್ತ್ರಿ ತುಸು ಬೇಸರದಿಂದಲೇ ಹೇಳಿದರು. ನಿಜ. ಈ ಸೀಮೆಯಲ್ಲಿ ದಿನವೂ ಎಷ್ಟೋ ಪಾಯಗಳು, ಎಷ್ಟೋ ರಸ್ತೆಗಳು, ಎಷ್ಟೋ ಕಲ್ಲುಗಣಿಗಳು ಏಳುತ್ತಿವೆ. ಮನೆ ಬೇಕು, ಕೆಲಸವೂ ಬೇಕು. ಆದರೆ ಅಗೆಯುವಾಗ ವಿಚಿತ್ರವಾದ ಕಲ್ಲುವೃತ್ತವೋ, ಎಲುಬಿರುವ ಗುಡಾಣವೋ, ಮಡಕೆಗಳ ರಾಶಿಯೋ ಕಂಡರೆ ಒಂದು ದಿನ ಕೆಲಸ ನಿಲ್ಲಿಸಿ ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಕಷ್ಟವಲ್ಲ. ನಮ್ಮ ತಲೆಮಾರಿಗೆ ಅದನ್ನು ಓದಲು ಬಾರದಿರಬಹುದು; ಓದಬಲ್ಲವರು ಮುಂದೆ ಹುಟ್ಟಿಬರಬಹುದು.

ಹುಡುಗ ಒಳಗೆ ಹೋಗಿ ಆ ಚೂರನ್ನು ತಂದ. ಖಾಲಿ ಸಿಹಿತಿಂಡಿಯ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟಿದ್ದ. ನಾನು ಹೇಳಿದಂತೆ ಒಂದು ಚೀಟಿಯ ಮೇಲೆ ಬರೆಯತೊಡಗಿದ: ಊರು ಸೋಂಪುರ, ಮನೆಯ ಪೂರ್ವ ಮೂಲೆ, ಮಾವ ಹೇಳಿದ ಆಳ ಸುಮಾರು ಮೂರೂವರೆ ಅಡಿ, ಸಿಕ್ಕಿದ ದಿನ. ಕೊನೆಯಲ್ಲಿ "ವಯಸ್ಸು" ಎಂದು ಬರೆದು ತಲೆಯೆತ್ತಿ ನನ್ನನ್ನು ನೋಡಿದ.

"ಅಲ್ಲಿ ಜಾಗ ಬಿಡು" ಎಂದೆ.

ಅವನು ಒಂದು ಗೆರೆ ಎಳೆದು, ಅದರ ಮೇಲೆ ಜಾಗ ಬಿಟ್ಟು, ಡಬ್ಬಿಯ ಮುಚ್ಚಳ ಹಾಕಿದ.